ಎಂಟು ಬುದ್ಧಿಶಕ್ತಿ, ಒಂದು ಅಳಗುಳಿಮಣೆ: ಮನೆಯಲ್ಲಿ ಮಕ್ಕಳಿಗೆ ಕಲಿಸುವವರಿಗೆ ಅಧ್ಯಯನ ಟಿಪ್ಪಣಿ

ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಓದಿದವರಿಗೆಲ್ಲ ಶಿಶು ವಿಕಸನದ ಭಾಗದಲ್ಲಿ ಹೋವರ್ಡ್ ಗಾರ್ಡ್ನರ್ ಸಿಕ್ಕೇ ಸಿಗುತ್ತಾರೆ. ಬುದ್ಧಿ ಎಂಬುದು ಒಂದೇ ಅಲ್ಲ, ಎಂಟು ಬಗೆಯದು ಎಂದ ಮನೋವಿಜ್ಞಾನಿ ಅವರು. ಎಂಟು ಹೆಸರು ಬಾಯಿಪಾಠ ಮಾಡುತ್ತೇವೆ, ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆಯುತ್ತೇವೆ, ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ. ನಾನೂ ಹಾಗೇ ಓದಿದ್ದೆ. ಆಮೇಲೆ ಸಂಜೆ ಹೊತ್ತು ನನ್ನ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಲು ಶುರು ಮಾಡಿದಾಗ ಅದೇ ಅಧ್ಯಾಯವನ್ನು ಮತ್ತೆ ತೆರೆಯಬೇಕಾಯಿತು. ಈ ಸಲ ಓದಿದ್ದು ಬೇರೆ ಕಾರಣಕ್ಕೆ. ನನ್ನಂತೆ ಮನೆಯಲ್ಲಿ ಕಲಿಸುತ್ತಾ ತಾವೂ ಕಲಿಯುತ್ತಿರುವವರಿಗೆ ಈ ಟಿಪ್ಪಣಿ.

ನಮ್ಮ ಮಗನಿಗೆ ಎಂಟು ವರ್ಷ. ಮಗ್ಗಿ ಎಂದರೆ ಅವನಿಗೆ ಆಗಿಬರದು. ಏಳೆಂಟ್ಲ ಎಷ್ಟು ಎಂದರೆ ಒಂದು ದಿನ ಐವತ್ನಾಲ್ಕು, ಇನ್ನೊಂದು ದಿನ ಅರವತ್ತು. ಇವನಿಗೆ ಲೆಕ್ಕ ಹತ್ತುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಬೇಸಿಗೆ ರಜೆಯಲ್ಲಿ ಅವನ ಅಜ್ಜಿ ಅಟ್ಟದ ಮೇಲಿದ್ದ ಅಳಗುಳಿಮಣೆ ಇಳಿಸಿದರು. ಈ ಕಡೆ ಏಳು ಮನೆ, ಆ ಕಡೆ ಏಳು ಮನೆ, ಮನೆಗೆ ನಾಲ್ಕರಂತೆ ಹುಣಸೆ ಬೀಜ. ನಿಯಮ ಊರೂರಿಗೆ ಬೇರೆ. ನಮ್ಮ ಮನೆಯದು ಹೀಗೆ: ಒಂದು ಮನೆಯ ಬೀಜವನ್ನೆಲ್ಲ ಎತ್ತಿ ಮುಂದಿನ ಮನೆಗಳಿಗೆ ಒಂದೊಂದಾಗಿ ಹಂಚುತ್ತಾ ಹೋಗುವುದು. ಕೈ ಖಾಲಿಯಾದಾಗ ಅದರ ಮುಂದಿನ ಮನೆಯಿಂದ ಮತ್ತೆ ಎತ್ತುವುದು. ಆ ಮುಂದಿನ ಮನೆಯೇ ಖಾಲಿ ಇದ್ದರೆ, ಅದರಾಚೆಯ ಮನೆಯಲ್ಲಿರುವ ಬೀಜ ಆಡಿದವರ ಪಾಲು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಅಜ್ಜಿ ಯಾವ ಮನೆಯಿಂದ ಎತ್ತಲಿ ಎಂದು ಯೋಚಿಸುತ್ತಾ ಕುಳಿತಿದ್ದರು. ಇವನು ಅಂದ: “ಅಜ್ಜಿ, ಮೊದಲನೇ ಆಟಕ್ಕೆ ಯಾಕೆ ಯೋಚನೆ ಮಾಡ್ತೀಯ? ಎಲ್ಲಿಂದ ಎತ್ತಿದ್ರೂ ಆರೇ ಬರೋದು.” ನಾನು ಒಲೆಯ ಹತ್ತಿರದಿಂದ ಎದ್ದು ಬಂದು ಆಡಿ ನೋಡಿದೆ. ಮೊದಲನೇ ಮನೆಯಿಂದ ಎತ್ತಿದೆ, ಆರು ಬಂತು. ಐದನೆಯದರಿಂದ ಎತ್ತಿದೆ, ಆರೇ. ಏಳನೆಯದು, ಆರು. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಕೈಯಲ್ಲಿ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, “ಎಲ್ಲಾ ಮನೇಲೂ ಒಂದೇ ಥರ ಇದೆ ಅಲ್ವಾ, ಎಲ್ಲಿಂದ ಹೊರಟ್ರೂ ಒಂದೇ ದಾರಿ” ಎಂದ.

ಗಣಿತದಲ್ಲಿ ಇದಕ್ಕೆ ಸಮಮಿತಿ ಎನ್ನುತ್ತಾರೆ. ಏಳೆಂಟ್ಲ ಗೊತ್ತಿಲ್ಲದ ಹುಡುಗ ಅದನ್ನು ತಾನಾಗಿ ಕಂಡುಕೊಂಡಿದ್ದ. ಅವನಿಗೆ ಇಲ್ಲ ಎಂದು ನಾನು ತೀರ್ಮಾನಿಸಿದ್ದು ಯಾವುದನ್ನು, ಅವನಲ್ಲಿ ಇದ್ದದ್ದು ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ಗಾರ್ಡ್ನರ್‌ಗೆ ಮರಳಿದೆ.

ಗಾರ್ಡ್ನರ್‌ಗಿಂತ ಮೊದಲು

ಇಂದಿನ ರೀತಿಯ ಬುದ್ಧಿ ಪರೀಕ್ಷೆ ಶುರುವಾದದ್ದು ಪ್ಯಾರಿಸ್‌ನಲ್ಲಿ. ಶಾಲೆಯಲ್ಲಿ ಹಿಂದುಳಿಯುವ ಮಕ್ಕಳಲ್ಲಿ ಯಾರಿಗೆ ವಿಶೇಷ ನೆರವು ಬೇಕು ಎಂದು ಗುರುತಿಸಲು ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 1905ರಲ್ಲಿ ಒಂದು ಮಾಪನ ತಯಾರಿಸಿದರು. ಅದು ಹುಟ್ಟಿದ್ದು ನೆರವಿಗಾಗಿ ಎಂಬುದನ್ನು ಮರೆಯಬಾರದು. ಅದು ಮಕ್ಕಳಿಗೆ ಹಣೆಪಟ್ಟಿ ಹಚ್ಚುವ ಸಾಧನವಾದದ್ದು ಆಮೇಲೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1904ರಲ್ಲಿ, ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ ಎಲ್ಲ ಬೌದ್ಧಿಕ ಕೆಲಸಗಳ ಹಿಂದೆಯೂ ಒಂದು ಸಾಮಾನ್ಯ ಸಾಮರ್ಥ್ಯವಿದೆ ಎಂದರು. ಪುಸ್ತಕಗಳಲ್ಲಿ ಬರುವ ‘ಜಿ ಅಂಶ’ ಇದೇ.

ಈ ಎರಡು ಎಳೆಗಳೂ ಕನ್ನಡ ನಾಡಿಗೆ ಬೇಗ ಬಂದವು. 1924ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ‘ಆಕಾಶವಾಣಿ’ ಹೆಸರಿನ ಬಾನುಲಿ ಕೇಂದ್ರವನ್ನು ಮೈಸೂರಿನಲ್ಲಿ ಆರಂಭಿಸಿದವರೂ ಅವರೇ. 1930ರ ದಶಕದಲ್ಲಿ ವಿ. ವಿ. ಕಾಮತ್ ಬಿನೆ ಮಾಪನವನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಒಗ್ಗಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.

ಗಾರ್ಡ್ನರ್ ಹೇಳಿದ್ದು

ಗಾರ್ಡ್ನರ್ ಅಮೆರಿಕದ ಹಾರ್ವರ್ಡ್‌ನವರು. 1970ರ ದಶಕದಲ್ಲಿ ಅವರು ಎರಡು ಜಾಗದಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಕಡೆ ಬಾಸ್ಟನ್ನಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮೆದುಳಿಗೆ ಪೆಟ್ಟು ಬಿದ್ದವರ ಜೊತೆ, ಇನ್ನೊಂದು ಕಡೆ ಚಿತ್ರ ಬರೆಯುವ, ಹಾಡುವ ಸಾಧಾರಣ ಮಕ್ಕಳ ಜೊತೆ. ಸಿದ್ಧಾಂತ ಹುಟ್ಟಿದ್ದು ಈ ಎರಡರ ನಡುವಿನ ಓಡಾಟದಲ್ಲಿ. ಒಬ್ಬ ರೋಗಿಗೆ ಮಾತು ಹೋಗಿದ್ದರೂ ದಾರಿ ತಪ್ಪುತ್ತಿರಲಿಲ್ಲ. ಇನ್ನೊಬ್ಬರಿಗೆ ಮಾತು ಸರಾಗ, ಆದರೆ ಎದುರಿನವರ ಮನಸ್ಸು ತಿಳಿಯುತ್ತಿರಲಿಲ್ಲ.

ಇದಕ್ಕೆ ನನಗೆ ಬಹಳ ಹಿಡಿಸಿದ ಉದಾಹರಣೆ ರಷ್ಯದ ಸಂಗೀತ ರಚನೆಕಾರ ವಿಸ್ಸಾರಿಯನ್ ಶೆಬಾಲಿನ್. ಪಾರ್ಶ್ವವಾಯು ಬಡಿದು ಅವರಿಗೆ ಮಾತಾಡುವುದೂ ಮಾತು ಅರ್ಥ ಮಾಡಿಕೊಳ್ಳುವುದೂ ತೀರಾ ಕಷ್ಟವಾಯಿತು. ಸಂಗೀತ ಮಾತ್ರ ಉಳಿಯಿತು. ಸಾಯುವುದಕ್ಕೆ ಸ್ವಲ್ಪ ಮೊದಲು, 1962ರಲ್ಲಿ, ತಮ್ಮ ಐದನೆಯ ಸಿಂಫನಿ ಮುಗಿಸಿದರು. ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ಈ ಪ್ರಕರಣವನ್ನು ದಾಖಲಿಸಿದ್ದಾರೆ. ಭಾಷೆ ಮುರಿದುಬಿದ್ದರೂ ಸಂಗೀತ ನಿಲ್ಲಬಲ್ಲದು ಎಂದಾದರೆ ಎರಡೂ ಒಂದೇ ಬುದ್ಧಿಯ ಎರಡು ಮುಖ ಎನ್ನುವುದು ಕಷ್ಟ. ಒಂದು ಸಾಮರ್ಥ್ಯವನ್ನು ಬೇರೆಯೇ ಬುದ್ಧಿಶಕ್ತಿ ಎನ್ನಲು ಗಾರ್ಡ್ನರ್ ಇಟ್ಟುಕೊಂಡ ಎಂಟು ಮಾನದಂಡಗಳಲ್ಲಿ ಒಂದು ಇದೇ: ಮೆದುಳಿನ ಪೆಟ್ಟಿನಿಂದ ಒಂದು ಸಾಮರ್ಥ್ಯ ಉಳಿದವುಗಳಿಂದ ಬೇರ್ಪಡುತ್ತದೆಯೇ? ಬಾಲಪ್ರತಿಭೆಗಳಲ್ಲಿ ಅದೊಂದೇ ಎದ್ದು ಕಾಣುತ್ತದೆಯೇ, ಅದಕ್ಕೆ ತನ್ನದೇ ಸಂಕೇತಗಳಿವೆಯೇ ಎಂಬಂಥವು ಉಳಿದ ಮಾನದಂಡಗಳು.

ಇವನ್ನೆಲ್ಲ ಇಟ್ಟುಕೊಂಡು 1983ರಲ್ಲಿ ಅವರು ಏಳು ಬುದ್ಧಿಶಕ್ತಿಗಳನ್ನು ಹೆಸರಿಸಿದರು: ಭಾಷಿಕ, ತಾರ್ಕಿಕ–ಗಣಿತೀಯ, ಸಂಗೀತ, ದೈಹಿಕ–ಚಲನಾತ್ಮಕ, ಸ್ಥಳಾವಕಾಶದ (ಆಕಾರ, ದಿಕ್ಕು, ಜಾಗಗಳನ್ನು ಮನಸ್ಸಿನಲ್ಲೇ ಕಾಣುವ), ಇತರರನ್ನು ಅರಿಯುವ ಮತ್ತು ತನ್ನನ್ನು ತಾನು ಅರಿಯುವ ಬುದ್ಧಿಶಕ್ತಿ. ಎಂಟನೆಯದಾದ ನಿಸರ್ಗ ಬುದ್ಧಿಶಕ್ತಿ ಸೇರಿದ್ದು 1990ರ ದಶಕದಲ್ಲಿ. ಪರೀಕ್ಷೆಗೆ ಓದುವವರು ಒಂದು ಕಡೆ ಜಾಗ್ರತೆ ವಹಿಸಬೇಕು. ಇತರರನ್ನು ಅರಿಯುವುದಕ್ಕೂ ತನ್ನನ್ನು ಅರಿಯುವುದಕ್ಕೂ ನಮ್ಮ ಪಠ್ಯಗಳಲ್ಲಿ ಬರುವ ಸಂಸ್ಕೃತ ಪದಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ಪುಸ್ತಕದಿಂದ ಪುಸ್ತಕಕ್ಕೆ ಬೇರೆಯೂ ಆಗುತ್ತವೆ. ಪದ ನೆನಪಿಡುವ ಬದಲು ಅರ್ಥ ನೆನಪಿಡಿ.

ಅವರ ವ್ಯಾಖ್ಯಾನದ ಒಂದು ಭಾಗ ಮನೆಯಲ್ಲಿ ಕಲಿಸುವವರಿಗೆ ಮುಖ್ಯ. ಸಮಸ್ಯೆ ಬಿಡಿಸುವ ಅಥವಾ ಒಂದು ಸಂಸ್ಕೃತಿ ಬೆಲೆ ಕೊಡುವ ಏನನ್ನಾದರೂ ಮಾಡುವ ಸಾಮರ್ಥ್ಯವೇ ಬುದ್ಧಿಶಕ್ತಿ ಎನ್ನುತ್ತಾರೆ ಅವರು. ‘ಸಂಸ್ಕೃತಿ ಬೆಲೆ ಕೊಡುವ’ ಎಂಬ ಮಾತನ್ನು ನಾನು ಮೊದಲ ಓದಿನಲ್ಲಿ ಹಾರಿಸಿಬಿಟ್ಟಿದ್ದೆ. ಮೋಡ ನೋಡಿ ಬಿತ್ತನೆಯ ದಿನ ಹೇಳುವವರ, ಕೈಯಳತೆಯಲ್ಲೇ ನೂರು ಜನರ ಅಡುಗೆ ಹದಗೊಳಿಸುವವರ ಬುದ್ಧಿ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಆ ಊರಿಗೆ ಮಾತ್ರ ಅದು ಚೆನ್ನಾಗಿ ಗೊತ್ತಿರುತ್ತದೆ.

ಒಪ್ಪದವರ ಮಾತು

ಈ ಸಿದ್ಧಾಂತವನ್ನು ಎಲ್ಲರೂ ಒಪ್ಪಿಲ್ಲ. ಶಿಕ್ಷಕರು ಇಷ್ಟಪಟ್ಟಷ್ಟು ಮನೋಮಾಪನ ತಜ್ಞರು, ಅಂದರೆ ಬುದ್ಧಿಯಂಥವನ್ನು ಪರೀಕ್ಷೆಗಳಿಂದ ಅಳೆಯುವವರು, ಇಷ್ಟಪಟ್ಟಿಲ್ಲ. 2006ರಲ್ಲಿ ಕೆನಡಾದ ಬೆತ್ ವಿಸ್ಸರ್ ಮತ್ತು ಜೊತೆಗಾರರು 200 ಜನರಿಗೆ ಎಂಟೂ ಬಗೆಯ ಪರೀಕ್ಷೆ ಕೊಟ್ಟು ನೋಡಿದರು. ಭಾಷೆ, ತರ್ಕ, ಸ್ಥಳಾವಕಾಶದಂಥ ಯೋಚನೆಯ ಸಾಮರ್ಥ್ಯಗಳು ಒಂದಕ್ಕೊಂದು ಸಾಕಷ್ಟು ಹೆಣೆದುಕೊಂಡಿದ್ದವು. ಸ್ಪಿಯರ್‌ಮನ್ ಹೇಳಿದ ಸಾಮಾನ್ಯ ಅಂಶಕ್ಕೆ ಇದು ಹತ್ತಿರ. ಸಂಗೀತ, ದೇಹಚಲನೆಯಂಥವು ಅಷ್ಟಾಗಿ ಹೆಣೆದುಕೊಂಡಿರಲಿಲ್ಲ. ಆದ್ದರಿಂದ ಎಂಟು ಬೇರೆ ಬೇರೆ ಕೋಣೆಗಳಿವೆ ಎಂದು ಕಲ್ಪಿಸಿಕೊಳ್ಳುವುದು ಸರಿಯಲ್ಲ. ಎಲ್ಲವೂ ಒಂದೇ ಎನ್ನುವುದಕ್ಕೂ ಅಡ್ಡಿ ಬರುವ ಉದಾಹರಣೆಗಳಿವೆ, ಅದರಲ್ಲೊಂದು ನಮ್ಮ ಬೆಂಗಳೂರಿನದೇ.

ಶಕುಂತಲಾ ದೇವಿ ಶಾಲೆಗೆ ಹೋಗಿ ಕಲಿತವರಲ್ಲ. ತಂದೆ ಸರ್ಕಸ್ಸಿನಲ್ಲಿದ್ದರು, ಮಗಳ ಸಂಖ್ಯೆಯ ನೆನಪನ್ನು ಇಸ್ಪೀಟಿನ ಆಟದಲ್ಲಿ ಮೊದಲು ಗುರುತಿಸಿದವರು ಅವರೇ. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಶಕುಂತಲಾ ದೇವಿ 13 ಅಂಕಿಗಳ ಎರಡು ಸಂಖ್ಯೆಗಳ ಗುಣಲಬ್ಧವನ್ನು 28 ಸೆಕೆಂಡಿನಲ್ಲಿ ಹೇಳಿದರು. 1988ರಲ್ಲಿ ಅವರನ್ನು ಪರೀಕ್ಷಿಸಿದ ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಸಾಮಾನ್ಯ ಅಂಶದ ದೊಡ್ಡ ಪ್ರತಿಪಾದಕರು. 6,16,29,875ರ ಘನಮೂಲ ಕೇಳಿದರೆ, ಜೆನ್ಸನ್ ಆ ಸಂಖ್ಯೆಯನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವಷ್ಟರಲ್ಲಿ 395 ಎಂಬ ಉತ್ತರ ಬಂದಿರುತ್ತಿತ್ತು. ಆದರೆ ದೀಪ ಹತ್ತಿದಾಗ ಗುಂಡಿ ಒತ್ತುವಂಥ ಸರಳ ವೇಗದ ಪರೀಕ್ಷೆಗಳಲ್ಲಿ ಅವರು ಇತರರಂತೆಯೇ ಇದ್ದರು ಎಂದು ಜೆನ್ಸನ್ 1990ರಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡ ಶಕ್ತಿ ಒಂದೇ ಕಡೆ ಹರಿದಿತ್ತು. ಮಕ್ಕಳ ವಿಷಯ ಯೋಚಿಸುವಾಗ ನನಗೆ ಈ ಸಂಗತಿ ಮತ್ತೆ ಮತ್ತೆ ನೆನಪಾಗುತ್ತದೆ.

ನಾನು ಮಾಡಿದ ತಪ್ಪು

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚಿನ ತಂದೆತಾಯಿ ಎಡವುವುದು ಇಲ್ಲೇ.

ಮಗಳಿಗೆ ಹನ್ನೊಂದು. ರಂಗೋಲಿ, ಚಿತ್ರ, ಬಣ್ಣ ಎಂದರೆ ಪ್ರಾಣ. ಗಾರ್ಡ್ನರ್ ಓದಿದ ಹುಮ್ಮಸ್ಸಿನಲ್ಲಿ “ಇವಳದು ಸ್ಥಳಾವಕಾಶದ ಬುದ್ಧಿ” ಎಂದು ನಿರ್ಧರಿಸಿ ಎಲ್ಲ ಪಾಠವನ್ನೂ ಚಿತ್ರದಲ್ಲೇ ಕೊಡತೊಡಗಿದೆ. ಇತಿಹಾಸಕ್ಕೆ ಚಿತ್ರ, ವ್ಯಾಕರಣಕ್ಕೆ ಚಿತ್ರ. ನೆಂಟರ ಮುಂದೆ “ನಮ್ಮವಳು ಚಿತ್ರದವಳು” ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಎರಡು ತಿಂಗಳಾದ ಮೇಲೆ ಒಂದು ದಿನ ಬೀಜಗಣಿತದ ಲೆಕ್ಕ ಕೊಟ್ಟರೆ ಪುಸ್ತಕ ಮುಚ್ಚಿಟ್ಟು, “ಅಮ್ಮ, ನಾನು ಚಿತ್ರದವಳಲ್ವಾ, ಲೆಕ್ಕ ನಂದಲ್ಲ” ಎಂದಳು. ಆ ಮಾತು ಅವಳ ಬಾಯಿಗೆ ಬಂದದ್ದು ನನ್ನಿಂದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮತ್ತೆ ಓದಿದಾಗ ತಿಳಿಯಿತು. ಗಾರ್ಡ್ನರ್ ಇದನ್ನು ಹೇಳಿರಲೇ ಇಲ್ಲ. ಪ್ರತಿಯೊಬ್ಬರಲ್ಲೂ ಎಂಟೂ ಇರುತ್ತವೆ, ಅವುಗಳ ಬೆರಕೆ ಮಾತ್ರ ಬೇರೆ ಬೇರೆ ಎಂಬುದು ಅವರ ವಾದ. ನಾನು ಬಳಸಿದ್ದು ‘ಕಲಿಕಾ ಶೈಲಿ’ ಎಂಬ ಬೇರೊಂದು ವಿಚಾರವನ್ನು: ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ, ಕೆಲವರು ಮಾಡಿ ಕಲಿಯುವವರು, ಅವರವರ ಶೈಲಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ತಲೆಗೆ ಹೋಗುತ್ತದೆ ಎನ್ನುವುದು. ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು 2008ರಲ್ಲಿ ಇದರ ಬಗೆಗಿನ ಸಂಶೋಧನೆಯನ್ನೆಲ್ಲ ಜರಡಿ ಹಿಡಿದು, ಹಾಗೆ ಹೇಳಲು ತಕ್ಕ ಪುರಾವೆ ಇಲ್ಲ ಎಂದರು. ತನ್ನ ಸಿದ್ಧಾಂತವನ್ನು ಕಲಿಕಾ ಶೈಲಿಯ ಜೊತೆ ಗೊಂದಲ ಮಾಡಿಕೊಳ್ಳಬೇಡಿ ಎಂದು ಗಾರ್ಡ್ನರ್ ಕೂಡ 2013ರಲ್ಲಿ ಬಿಡಿಸಿ ಬರೆದರು.

ಮರುದಿನ ಬೆಳಗ್ಗೆ ಅವಳು ಅಂಗಳದಲ್ಲಿ ಏಳರಿಂದ ನಾಲ್ಕಕ್ಕೆ ಇಳಿಯುವ ಸಂದು ಚುಕ್ಕಿ ಇಡುತ್ತಿದ್ದಳು. ಒಟ್ಟು ಎಷ್ಟು ಚುಕ್ಕಿ ಎಂದು ಕೇಳಿದೆ. ಎಣಿಸಲಿಲ್ಲ. “ಮಧ್ಯದ ಏಳು ಬಿಟ್ರೆ ಮೇಲೆ ಹದಿನೈದು, ಕೆಳಗೂ ಅಷ್ಟೇ. ಮೂವತ್ತೇಳು” ಎಂದಳು. ಒಂಬತ್ತರಿಂದ ಐದಕ್ಕೆ ಇಳಿದರೆ? ಪುಡಿ ಹಿಡಿದ ಕೈ ಅಲ್ಲೇ ನಿಂತಿತು. ಎಂಟು, ಏಳು, ಆರು, ಐದು ಎಂದು ತುಟಿ ಅಲುಗಿತು. “ಅರವತ್ತೊಂದು.” ಚುಕ್ಕಿಯ ಎಣಿಕೆಯಿಂದಲೇ ಅವಳ ಬೀಜಗಣಿತವನ್ನು ಮತ್ತೆ ಶುರು ಮಾಡಿದೆವು. ‘ಚಿತ್ರದವಳು’ ಎಂಬ ಮಾತನ್ನು ನಾನು ಆಮೇಲೆ ಆಡಿಲ್ಲ.

ಗುರುತಿಸುವುದು ಹೇಗೆ

1984ರಲ್ಲಿ ಗಾರ್ಡ್ನರ್ ಮತ್ತು ಡೇವಿಡ್ ಫೆಲ್ಡ್‌ಮನ್ ‘ಸ್ಪೆಕ್ಟ್ರಮ್’ ಎಂಬ ಯೋಜನೆ ಶುರು ಮಾಡಿದರು. ಪುಟ್ಟ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕೊಡದೆ ವಸ್ತುಗಳನ್ನು ಕೊಟ್ಟು ನೋಡುವ ಯೋಜನೆ ಅದು. ಅಡುಗೆಮನೆಯ ರುಬ್ಬುವ ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸಲು ಬಿಡುತ್ತಿದ್ದರು. ಆಟಿಕೆ ಬಸ್ಸಿಗೆ ಪ್ರತಿ ನಿಲ್ದಾಣದಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂದು ಲೆಕ್ಕ ಇಡುವ ಆಟವಿತ್ತು. ತರಗತಿಯ ಪುಟ್ಟ ಮಾದರಿಯಲ್ಲಿ ಗೆಳೆಯರ ಗೊಂಬೆಗಳನ್ನಿಟ್ಟು, ಯಾರು ಯಾರ ಜೊತೆ ಆಡುತ್ತಾರೆ ಎಂದು ಕೇಳುತ್ತಿದ್ದರು.

ಇದನ್ನು ಓದಿದ ಮೇಲೆ ಚಕ್ಕುಲಿ ಒರಳನ್ನು ಮಗನ ಮುಂದಿಟ್ಟೆ. ನಮ್ಮ ಮನೆಯಲ್ಲೇ ಇರುವ ಇಂಥ ವಸ್ತುಗಳಿಗೆ ದುಡ್ಡು ಕೊಡಬೇಕಿಲ್ಲ: ಬಿಚ್ಚಿ ಜೋಡಿಸಬಹುದಾದ ಟಾರ್ಚು, ಸಂತೆಯ ಚೀಟಿ, ಒಗಟು, ಹಿತ್ತಿಲ ಗಿಡಗಳು, ಕುಂಟೆಬಿಲ್ಲೆ.

ನೋಡಿದ್ದನ್ನು ಬರೆದಿಡಿ. ಬರೆಯುವಾಗ ಗುಣವಾಚಕ ಬೇಡ, ಕ್ರಿಯಾಪದ ಬೇಕು. ‘ಜಾಣ’, ‘ಚುರುಕು’, ‘ಮಂದ’ ಎಂದು ಬರೆದರೆ ಆರು ತಿಂಗಳ ಮೇಲೆ ಓದಿದಾಗ ಏನೂ ತಿಳಿಯುವುದಿಲ್ಲ. ನನ್ನ ಪುಸ್ತಕದ ಒಂದು ಪುಟ ಹೀಗಿದೆ: “ಚಕ್ಕುಲಿ ಒರಳು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟ. ಅಚ್ಚು ತಿರುಗುಮುರುಗಾಗಿ ಕೂತಿತು. ನನ್ನನ್ನು ಕೇಳಲಿಲ್ಲ. ಪೂರ್ತಿ ಬಿಚ್ಚಿ ಮತ್ತೆ ಮೊದಲಿಂದ. 20 ನಿಮಿಷ.” ಪಕ್ಕದ ಪುಟದಲ್ಲಿ: “ಪದ್ಯ ಓದು. ಎರಡು ಸಾಲಿಗೆ ನೀರು ಕುಡಿಯಲು ಎದ್ದ.” ಯಾವುದರಲ್ಲಿ ಗೆದ್ದ ಎನ್ನುವುದಕ್ಕಿಂತ ಸಿಕ್ಕಿಬಿದ್ದಾಗ ಏನು ಮಾಡಿದ ಎನ್ನುವುದೇ ಹೆಚ್ಚು ಹೇಳುತ್ತದೆ. ಮನಸ್ಸಿಗೆ ಒಗ್ಗಿದ ಕೆಲಸದಲ್ಲಿ ತಪ್ಪಾದರೆ ಮಗು ಇನ್ನೊಂದು ದಾರಿ ಹುಡುಕುತ್ತದೆ. ಒಗ್ಗದ್ದರಲ್ಲಿ ತಪ್ಪಾದರೆ ಎದ್ದುಹೋಗಲು ನೆಪ ಹುಡುಕುತ್ತದೆ.

ಇತರರನ್ನು ಅರಿಯುವ ಬುದ್ಧಿಯನ್ನು ಪಾಠದ ಹೊತ್ತಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಜಗಳದ ಹೊತ್ತಿನಲ್ಲಿ ನೋಡಬೇಕು. ತನ್ನನ್ನು ಅರಿಯುವ ಬುದ್ಧಿ ಎಲ್ಲಕ್ಕಿಂತ ಮರೆಯಲ್ಲಿರುತ್ತದೆ. “ನಂಗೆ ಈಗ ಸಿಟ್ಟು ಬಂದಿದೆ, ಆಮೇಲೆ ಓದ್ತೀನಿ” ಎಂದು ಮಗು ಹೇಳಿದರೆ ಅದನ್ನು ಸೋಮಾರಿತನ ಎಂದು ತಳ್ಳಿಹಾಕಬೇಡಿ. ಅದನ್ನೂ ಬರೆದಿಡಿ.

ಒಂದು ಪಾಠ, ಹಲವು ಬಾಗಿಲು

ಹಾಗಾದರೆ ಈ ಸಿದ್ಧಾಂತದಿಂದ ಪಾಠಕ್ಕೇನು ಉಪಯೋಗ? ಒಂದೇ ವಿಷಯವನ್ನು ಎಲ್ಲ ಮಕ್ಕಳಿಗೂ ಎರಡು ಮೂರು ದಾರಿಯಲ್ಲಿ ಕೊಡುವುದು. ಇಲ್ಲಿ ದಾರಿಗೂ ಅಲಂಕಾರಕ್ಕೂ ವ್ಯತ್ಯಾಸ ತಿಳಿಯಬೇಕು. ಮಗ್ಗಿಯನ್ನು ಸಿನಿಮಾ ಹಾಡಿನ ಧಾಟಿಯಲ್ಲಿ ಹಾಡಿಸಿದರೆ ನೆನಪಿಗೆ ಸಹಾಯ ಆಗಬಹುದು, ಗುಣಾಕಾರ ಅರ್ಥವಾಗುವುದಿಲ್ಲ. ಆ ರಾಗದಲ್ಲಿ ಗುಣಾಕಾರವೇ ಇಲ್ಲ.

ಭಿನ್ನರಾಶಿಗೆ ನಾನು ಹಿಡಿದ ದಾರಿ ಸರಳೆ ವರಸೆ, ಕರ್ನಾಟಕ ಸಂಗೀತದ ಮೊದಮೊದಲ ಪಾಠ. ಮಗಳು ಸಂಗೀತದ ಪಾಠಕ್ಕೆ ಹೋಗುತ್ತಾಳೆ. ಆದಿತಾಳಕ್ಕೆ ಎಂಟು ಎಣಿಕೆ. ಹಾಡುವ ವೇಗಕ್ಕೆ ಅಲ್ಲಿ ‘ಕಾಲ’ ಎನ್ನುತ್ತಾರೆ. ಮೊದಲ ಕಾಲದಲ್ಲಿ ಒಂದು ಎಣಿಕೆಗೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಕೈಯ ಎಣಿಕೆ ಬದಲಾಗುವುದಿಲ್ಲ, ಸ್ವರಕ್ಕೆ ಸಿಗುವ ಜಾಗ ಅರ್ಧವಾಗುತ್ತದೆ, ಆಮೇಲೆ ಕಾಲು. “ಮೂರನೇ ಕಾಲದ ಎರಡು ಸ್ವರ ಸೇರಿದ್ರೆ ಎರಡನೇ ಕಾಲದ ಒಂದು ಸ್ವರ” ಎಂದು ಅವಳು ತೊಡೆ ತಟ್ಟಿ ತೋರಿಸಿದಾಗ, ಎರಡು ಕಾಲು ಸೇರಿ ಅರ್ಧವಾಗುವುದನ್ನು ತಮ್ಮನೂ ನೋಡಿದ. ಅವನಿಗೆ ಶ್ರುತಿ ನಿಲ್ಲುವುದಿಲ್ಲ. ಆದರೂ ತಾಳದಿಂದ ಅವನಿಗೂ ಕಾಲು ಭಾಗ ಅರ್ಥವಾಯಿತು. ಆ ಬುದ್ಧಿ ಇರುವವರಿಗೆ ಮಾತ್ರ ಆ ಬಾಗಿಲು ಎಂದುಕೊಂಡಿದ್ದರೆ ಅವನನ್ನು ಹೊರಗೆ ನಿಲ್ಲಿಸಿಬಿಡುತ್ತಿದ್ದೆ. ಮರುದಿನ ಅದನ್ನೇ ರೊಟ್ಟಿ ಮುರಿದು ಮಾಡಿದೆವು, ಆಮೇಲೆ ಬಳಪದಲ್ಲಿ.

ಅವರವರ ವೇಗಕ್ಕೆ ಬಿಡುವುದು ಕರ್ನಾಟಕಕ್ಕೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ–ಕಲಿ ಪದ್ಧತಿಯಲ್ಲಿ ಮಕ್ಕಳು ಕಾರ್ಡು ಹಿಡಿದು ಕಲಿಕಾ ಏಣಿಯನ್ನು ತಮ್ಮ ತಮ್ಮ ಗತಿಯಲ್ಲಿ ಹತ್ತುತ್ತಾರೆ. ನಿಮ್ಮ ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದರೆ ಆ ಕಾರ್ಡುಗಳನ್ನು ಒಮ್ಮೆ ನೋಡಿ ಬನ್ನಿ.

ಎರಡು ಎಚ್ಚರಿಕೆ

ಮೊದಲನೆಯದು ಬೆರಳಚ್ಚಿನ ಪರೀಕ್ಷೆ. ನಮ್ಮ ಬಡಾವಣೆಗೂ ಒಬ್ಬರು ಬಂದಿದ್ದರು. ಮಗುವಿನ ಹತ್ತು ಬೆರಳಿನ ಗುರುತು ತೆಗೆದು, ಎಂಟು ಬುದ್ಧಿಶಕ್ತಿಗಳಿಗೂ ಶೇಕಡಾವಾರು ಹಾಕಿದ ಬಣ್ಣದ ವರದಿ ಕೊಡುತ್ತಾರೆ, ಅದಕ್ಕೆ ಸಾವಿರಗಟ್ಟಲೆ ಹಣ. ಗಾರ್ಡ್ನರ್ ಹೆಸರನ್ನೂ ಬಳಸುತ್ತಾರೆ. ಬೆರಳ ಗೆರೆಗಳು ಗರ್ಭದಲ್ಲೇ ಮೂಡಿ ಜೀವನವಿಡೀ ಹಾಗೇ ಉಳಿಯುತ್ತವೆ, ಕಲಿಕೆಯಿಂದ ಬೆಳೆಯುವ ಬುದ್ಧಿಯನ್ನು ಅವು ಹೇಳಲಾರವು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2019ರಲ್ಲಿ ಹೇಳಿದೆ. ದಯವಿಟ್ಟು ಆ ಹಣದಲ್ಲಿ ಪುಸ್ತಕ ಕೊಳ್ಳಿ.

ಎರಡನೆಯದು ಇನ್ನೂ ಗಂಭೀರ. “ಅವನ ಬುದ್ಧಿ ಬೇರೆ ಥರದ್ದು” ಎಂದು ಸಮಾಧಾನ ಮಾಡಿಕೊಂಡು ಓದಿನ ನಿಜವಾದ ತೊಂದರೆಯನ್ನು ಮುಚ್ಚಿಡಬಾರದು. ಗಾಬರಿಯೂ ಬೇಡ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳನ್ನು ಕಲಿಯಬೇಕು. ಸೋನಾಲಿ ನಾಗ್ ಅವರ 2007ರ ಅಧ್ಯಯನದ ಪ್ರಕಾರ ಈ ಕಲಿಕೆ ಇಂಗ್ಲಿಷಿನ ಅಕ್ಷರ ಕಲಿಕೆಗಿಂತ ನಿಧಾನ, ನಾಲ್ಕನೇ ತರಗತಿಯವರೆಗೂ ನಡೆಯುತ್ತದೆ. ಎರಡನೇ ತರಗತಿಯ ಮಗು ‘ರಾಷ್ಟ್ರ’ ಎಂದು ಓದಲು ತಡವರಿಸಿದರೆ ಅದು ಸಹಜ. ಐದನೇ ತರಗತಿಗೆ ಬಂದರೂ ಸರಳ ಪದಗಳೇ ಕೂಡದಿದ್ದರೆ ಮೊದಲು ಕಣ್ಣು, ಕಿವಿ ತೋರಿಸಿ, ಆಮೇಲೆ ಕಲಿಕಾ ನ್ಯೂನತೆಯ ಮೌಲ್ಯಮಾಪನ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನವರು ಇದಕ್ಕೆಂದೇ ಪರೀಕ್ಷೆಗಳ ಗುಚ್ಛ ರೂಪಿಸಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ನೆರವು ಕೇಳುವುದು ಮಗುವಿನ ಹಕ್ಕು.

ಕಳೆದ ವಾರದ ಪುಟ

ಅಳಗುಳಿಮಣೆ ಈಗಲೂ ನಡುಮನೆಯಲ್ಲೇ ಇದೆ. ಮಗನದು ಹೊಸ ಪ್ರಯೋಗ: ಮನೆಗೆ ಮೂರು ಬೀಜ ಹಾಕಿದರೆ ಮೊದಲ ಆಟಕ್ಕೆ ಎಷ್ಟು ಬರುತ್ತದೆ? ನಾಲ್ಕು ಬಂತು. ನಾಲ್ಕು ಹಾಕಿದರೆ ಆರು ಎಂದು ಗೊತ್ತಿತ್ತು. ಐದು ಹಾಕಿದರೆ ಎಂಟು ಬರಬೇಕು ಎಂದು ಮೊದಲೇ ಹೇಳಿ ಆಡಿದ. ಬಂದದ್ದು ಏಳು. ಎಲ್ಲೋ ತಪ್ಪಿದೆ ಎಂದು ಮತ್ತೆ ಆಡಿದ. ಏಳೇ. ಹಣೆ ಗಂಟು ಹಾಕಿ ಸ್ವಲ್ಪ ಹೊತ್ತು ಮಣೆಯನ್ನೇ ನೋಡಿದ. ಆಮೇಲೆ ಅಜ್ಜಿಯ ಡಬ್ಬಿ ತಂದು ನೆಲಕ್ಕೆ ಸುರಿದು ಬೀಜ ಎಣಿಸತೊಡಗಿದ. ಯಾಕೆ ಎಂದೆ.

“ಮನೆಗೆ ಆರು ಹಾಕ್ಬೇಕು. ನಾಲ್ಕು ಹಾಕಿದ್ರೆ ಐವತ್ತಾರು, ಐದಕ್ಕೆ ಎಪ್ಪತ್ತು, ಆರಕ್ಕೆ ಎಂಬತ್ನಾಲ್ಕು. ಹನ್ನೊಂದು ಬೀಜ ಕಮ್ಮಿ ಇದೆ. ಅಮ್ಮ, ಇವತ್ತು ಸಾರಿಗೆ ಹುಣಸೆಹಣ್ಣು ಹಾಕ್ತೀಯ?”